ರೈಲಿನ ಬಾಗಿಲಿನಿಂದ ಸಿಟಿ ಬಸ್ಸಿನ ಮೆಟ್ಟಿಲವರೆಗೆ: ಕಲಬುರಗಿಯಲ್ಲಿ ಕಾಲುದಾರಿ ಕಟ್ಟುವ ಬಗೆ

ಕಲಬುರಗಿ ಸ್ಟೇಶನ್ನಿನಲ್ಲಿ ಇಳಿದವರಿಗೆ ಊರು ದೂರವಲ್ಲ. ಜಗತ್ ಸರ್ಕಲ್, ಸೂಪರ್ ಮಾರ್ಕೆಟ್, ಕೇಂದ್ರ ಬಸ್ ನಿಲ್ದಾಣ ಎಲ್ಲವೂ ಕೆಲವೇ ಕಿಲೋಮೀಟರಿನ ಒಳಗೆ ಇವೆ. ಆದರೂ ಒಂದು ಕೈಯಲ್ಲಿ ಬ್ಯಾಗು, ಕಂಕುಳಲ್ಲಿ ಕೂಸು ಇರುವ ತಾಯಿ ಎದುರಿಗೆ ಸಿಕ್ಕ ಆಟೋ ಹತ್ತಿಬಿಡುತ್ತಾಳೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಸಿಟಿ ಬಸ್ಸಿನ ಪ್ರಯಾಣ ಉಚಿತ. ಆ ಉಚಿತ ಬಸ್ಸಿನವರೆಗಿನ ಇನ್ನೂರು ಮುನ್ನೂರು ಮೀಟರೇ ಆಕೆಗೆ ದುಬಾರಿ. ರೈಲು ಮತ್ತು ಸಿಟಿ ಬಸ್ಸಿನ ಜೋಡಣೆ ಕೂಡುವುದೂ ಮುರಿಯುವುದೂ ಅಷ್ಟೇ ದೂರದಲ್ಲಿ. ಪಾಲಿಕೆಯ ಎಂಜಿನಿಯರುಗಳು, ವಾರ್ಡ್ ಸಮಿತಿಯವರು, ಸಿವಿಲ್ ಓದುವ ಹುಡುಗ ಹುಡುಗಿಯರು ಆ ದೂರವನ್ನು ಹೇಗೆ ಅಳೆದು ಹೇಗೆ ಕಟ್ಟಬೇಕು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಲೈಟ್ ರೈಲ್, ಎಂದರೆ ಊರಿನೊಳಗೆ ಓಡುವ ಹಗುರ ರೈಲು, ಇರುವ ಊರುಗಳಲ್ಲೂ ಲೆಕ್ಕ ಇದೇ. ಅಲ್ಲಿನ ತಗ್ಗು ಪ್ಲಾಟ್‌ಫಾರ್ಮ್ ರಸ್ತೆಯಿಂದ ಸುಮಾರು 300ರಿಂದ 350 ಮಿ.ಮೀ. ಮಾತ್ರ ಎತ್ತರ; ಜನ ಮೆಟ್ಟಿಲು ಹತ್ತದೆ ನಡೆದುಬಂದೇ ಗಾಡಿ ಏರುತ್ತಾರೆ. ರಸ್ತೆ ಮಟ್ಟದಲ್ಲೇ ಇರುವ ಸಿಟಿ ಬಸ್ ಸ್ಟಾಪಿಗೆ ಆ ಅನುಕೂಲ ಹಳಿ ಹಾಕದೆಯೇ ಸಿಕ್ಕಿದೆ. ಅದನ್ನು ಕಳೆದುಕೊಳ್ಳಬಾರದು.

ಅಳತೆ

ನಕ್ಷೆ ಬರೆಯುವ ಮುಂಚೆ ಎರಡು ದಿನ ಅಳತೆಗೆ ಕೊಡಿ. 30 ಮೀಟರಿನ ಟೇಪು, ಮೊಬೈಲಿನ ಸ್ಟಾಪ್‌ವಾಚ್, ಸ್ಪಿರಿಟ್ ಲೆವೆಲ್, ಜೊತೆಗೆ 15 ಕಿಲೋ ತುಂಬಿದ ಗಾಲಿ ಸೂಟ್‌ಕೇಸ್ ಬೇಕು. ಸೂಟ್‌ಕೇಸ್ ಇಲ್ಲದೆ ಹೋಗಬೇಡಿ. ಗಟಾರದ ಮುಚ್ಚಳದ ಸಂದು, ಎದ್ದ ಫರಸಿ, ಗೇಟಿನ ಬಳಿಯ ಅರ್ಧ ಅಡಿ ಎತ್ತರ ಇವು ಬರಿಗೈಲಿ ನಡೆಯುವವರ ಕಣ್ಣಿಗೆ ಬೀಳುವುದಿಲ್ಲ. ಗಾಲಿ ಮಾತ್ರ ಒಂದನ್ನೂ ಬಿಡದೆ ಹೇಳುತ್ತದೆ.

ಅಳತೆಯನ್ನು ಸ್ಟೇಶನ್ ಗೇಟಿನಿಂದ ಶುರು ಮಾಡುವುದು ಬಹಳ ಜನ ಮಾಡುವ ತಪ್ಪು. ಪ್ರಯಾಣ ಮುಗಿಯುವುದು ಬೋಗಿಯ ಬಾಗಿಲಲ್ಲಿ. ಒಂದು ಎಲ್‌ಎಚ್‌ಬಿ (ಈಗಿನ ಹೊಸ ಮಾದರಿಯ) ಬೋಗಿ ಸುಮಾರು 24 ಮೀ. ಉದ್ದ, 22 ಬೋಗಿಯ ರೈಲೆಂದರೆ ಹತ್ತಿರ ಹತ್ತಿರ 530 ಮೀ. ಹೊರದಾರಿ ಪ್ಲಾಟ್‌ಫಾರ್ಮಿನ ನಟ್ಟನಡುವೆ ಇದ್ದರೂ ಕೊನೆಯ ಬೋಗಿಯವರು ಗೇಟಿಗೆ ಬರುವಷ್ಟರಲ್ಲಿ 260 ಮೀ. ನಡೆದಿರುತ್ತಾರೆ. ಜನರಲ್ ಬೋಗಿಗಳು ಸಾಮಾನ್ಯವಾಗಿ ತುದಿಯಲ್ಲೇ ಇರುತ್ತವೆ. ಸಿಟಿ ಬಸ್ ಹೆಚ್ಚು ಬೇಕಾದವರೇ ಹೆಚ್ಚು ದೂರ ನಡೆಯುತ್ತಾರೆ ಎಂಬುದನ್ನು ಮೊದಲ ದಿನವೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ದಾರಿಯುದ್ದಕ್ಕೂ ನಾಲ್ಕು ಸಂಗತಿ ಗುರುತು ಹಾಕಿ: ಎಲ್ಲಿ ಹತ್ತಿ ಇಳಿಯಬೇಕು, ಎಲ್ಲಿ ರಸ್ತೆ ದಾಟಬೇಕು, ಎಲ್ಲಿ ನೆರಳಿಲ್ಲ, ಎಲ್ಲಿ ನಿಂತರೆ ಮುಂದಿನ ಗುರಿ ಕಣ್ಣಿಗೆ ಬೀಳುವುದಿಲ್ಲ. ಕೊನೆಯದನ್ನು ಅಳತೆಗೆ ಹೋದವರು ಮರೆಯುತ್ತಾರೆ. ಅವರಿಗೆ ಊರು ಗೊತ್ತು. ಮೊದಲ ಸಲ ಬಂದವರಿಗೆ ಗೊತ್ತಿಲ್ಲ.

ಇನ್ನು ಜನರ ಎಣಿಕೆ. ರೈಲು ನಿಂತ ಗಳಿಗೆಯಿಂದ ಹದಿನೈದು ನಿಮಿಷ, ಹೊರದಾರಿಯಲ್ಲಿ ನಿಂತು ನಿಮಿಷಕ್ಕೊಂದು ಸಾಲಿನಂತೆ ಗೀಟು ಹಾಕಿ. ದಿನದ ಒಟ್ಟು ಸಂಖ್ಯೆಯಿಂದ ಏನೂ ತಿಳಿಯದು. ರೈಲಿನ ಜನ ನಲ್ಲಿ ನೀರಿನ ಹಾಗೆ ಹರಿದು ಬರುವುದಿಲ್ಲ, ಕೊಡ ಮಗುಚಿದ ಹಾಗೆ ಬರುತ್ತಾರೆ. ಉದಾಹರಣೆಗೆ, ಒಂದು ರೈಲಿನಿಂದ 400 ಜನ ಇಳಿದು, ಅವರಲ್ಲಿ 240 ಜನ ಅತಿ ದಟ್ಟವಾದ ಮೂರು ನಿಮಿಷದಲ್ಲಿ ಗೇಟು ದಾಟಿದರು ಎಂದುಕೊಳ್ಳಿ. ನಿಮಿಷಕ್ಕೆ 80 ಜನ ಆಯಿತು. ಸಮತಟ್ಟಾದ ದಾರಿಯಲ್ಲಿ ಒಂದು ಮೀಟರ್ ಅಗಲಕ್ಕೆ ನಿಮಿಷಕ್ಕೆ ಹೆಚ್ಚೆಂದರೆ ಸುಮಾರು 80 ಜನ ದಾಟಬಹುದು, ಮೆಟ್ಟಿಲ ಮೇಲೆ ಸುಮಾರು 55. ಆದರೆ ಇವು ಭುಜಕ್ಕೆ ಭುಜ ತಾಗುವ, ತುರ್ತಿನಲ್ಲಿ ಜನರನ್ನು ಹೊರಗೆ ಸಾಗಿಸುವ ಲೆಕ್ಕ. ಗಂಟುಮೂಟೆ, ಮಕ್ಕಳು, ವಯಸ್ಸಾದವರು ಇರುವ ಕಡೆ ಸಮತಟ್ಟಿಗೆ 30, ಮೆಟ್ಟಿಲಿಗೆ 20 ಹಿಡಿಯಿರಿ. 80ನ್ನು 30ರಿಂದ ಭಾಗಿಸಿದರೆ 2.7 ಮೀ.; ಗೋಡೆ ಬದಿಗೆ 0.3, ರಸ್ತೆ ಬದಿಗೆ 0.5 ಸೇರಿಸಿದರೆ 3.5 ಮೀ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುವ 1.8 ಮೀ. ಕನಿಷ್ಠ ಅಗಲ ಮನೆಗಳ ಬೀದಿಗೆ ಸರಿ, ಸ್ಟೇಶನ್ ಬಾಯಿಗೆ ಸಾಲದು.

ಖಾಜಾ ಬಂದೇನವಾಜರ ಉರುಸು, ಶರಣಬಸವೇಶ್ವರ ಜಾತ್ರೆ, ಗಾಣಗಾಪುರದ ಹುಣ್ಣಿಮೆಯ ಜನಸಂದಣಿಗೆಂದು ಅಗಲ ಕಟ್ಟಲು ಹೋಗಬೇಡಿ. ಆ ದಿನಗಳಿಗೆ ಇನ್ನೊಂದು ಗೇಟು ತೆರೆಯುವ ಏರ್ಪಾಡು ಸಾಕು. ಅದಕ್ಕೆ ಬೇಕಾದ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನು ಮುಂಚೆಯೇ ಕಾಗದದಲ್ಲಿ ಬರೆಸಿಕೊಳ್ಳಿ.

ಬಸ್ ಎಲ್ಲಿ ನಿಲ್ಲಬೇಕು

ಗೇಟಿನ ಎದುರಿಗೇ ಬಸ್ ನಿಲ್ಲಲಿ ಎಂಬುದು ಎಲ್ಲರ ಬಯಕೆ. ಕೆಲಸ ಕೆಡುವುದೂ ಅಲ್ಲೇ. ಗೇಟಿನ ಬಾಯಲ್ಲಿ ಆಟೋ, ಟಂಟಂ ನಿಂತೇ ನಿಲ್ಲುತ್ತವೆ. ಬಸ್ಸಿಗೆ ಫುಟ್‌ಪಾತಿನ ಅಂಚು ಸಿಗುವುದಿಲ್ಲ, ಡ್ರೈವರ್ ನಡುರಸ್ತೆಯಲ್ಲೇ ನಿಲ್ಲಿಸುತ್ತಾನೆ, ಅಜ್ಜಿ ಆಟೋಗಳ ಸಂದಿಯಲ್ಲಿ ಓಡುತ್ತಾಳೆ. ಗೇಟಿಗೆ ಹತ್ತಿರ ಆಟೋ ಸಾಲು, ಅದನ್ನು ದಾಟಿ 40ರಿಂದ 60 ಮೀ. ಆಚೆ ಬಸ್ಸು, ಎರಡರ ನಡುವೆ ನುಗ್ಗಲಾಗದ ಕಟ್ಟೆ: ಈ ಕ್ರಮ ಬಾಳಿಕೆ ಬರುತ್ತದೆ. ಆಟೋದವರನ್ನು ಓಡಿಸುವ ಯೋಜನೆ ಒಂದು ತಿಂಗಳೂ ನಿಲ್ಲುವುದಿಲ್ಲ. ಅವರಿಗೂ ಸಾಲು, ನೆರಳು, ಕುಡಿಯುವ ನೀರು ಕೊಟ್ಟರೆ ಅವರೇ ಸಾಲು ಕಾಯುತ್ತಾರೆ.

ಬಸ್ಸಿನ ಉದ್ದ 12 ಮೀ. ಹಾಗೆಂದು ಎರಡು ಬಸ್ಸಿಗೆ 24 ಮೀ. ಅಂಚು ಸಾಲದು. ಒಳಬರಲು, ಮುಂದಿನ ಬಸ್ ನಿಂತಿದ್ದಾಗಲೇ ಹಿಂದಿನದು ಹೊರಡಲು ಜಾಗ ಸೇರಿಸಿ ಸುಮಾರು 40 ಮೀ. ನೇರ ಅಂಚು ಬೇಕು. ಅಂಚು ಬಾಗಿದ್ದರೆ ಹಿಂಬಾಗಿಲು ಕರ್ಬ್‌ನಿಂದ ದೂರ ನಿಲ್ಲುತ್ತದೆ, ಜನ ಮತ್ತೆ ರಸ್ತೆಗೆ ಇಳಿದೇ ಹತ್ತಬೇಕಾಗುತ್ತದೆ. ರಸ್ತೆ ಬದಿಯನ್ನು ಕೊರೆದು ಬಸ್ ಬೇ ಮಾಡುವ ಆಸೆ ಬಿಡಿ; ಖಾಲಿ ಕಂಡ ಬೇಯಲ್ಲಿ ಸಂಜೆಯೊಳಗೆ ತಳ್ಳುಗಾಡಿ, ಕಾರು ತುಂಬಿರುತ್ತವೆ.

ರಸ್ತೆ ದಾಟುವ ಜಾಗ ನಿಂತ ಬಸ್ಸಿನ ಹಿಂಭಾಗಕ್ಕೆ ಬರಬೇಕು. ಬಸ್ಸಿನ ಮುಂದೆ ದಾಟಿದರೆ, ಬಸ್ಸನ್ನು ಹಿಂದಿಕ್ಕಿ ಬರುವ ಬೈಕಿನವನಿಗೆ ಜನ ಕಾಣುವುದಿಲ್ಲ.

ಗಡಿಯ ಎರಡು ಮೀಟರ್

ಸ್ಟೇಶನ್ ಅಂಗಳ ರೈಲ್ವೆಯದು. ಕಲಬುರಗಿಗೆ ಅದು ಮಧ್ಯ ರೈಲ್ವೆಯ ಸೋಲಾಪುರ ವಿಭಾಗ. ಹೊರಗಿನ ರಸ್ತೆ ಮಹಾನಗರ ಪಾಲಿಕೆಯದೋ ಲೋಕೋಪಯೋಗಿ ಇಲಾಖೆಯದೋ. ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು, ಕರೆಂಟು ಜೆಸ್ಕಾಂನದು, ಸಿಗ್ನಲ್ ಸಂಚಾರ ಪೊಲೀಸರದು. ಪ್ರತಿಯೊಬ್ಬರೂ ತಮ್ಮ ಗೆರೆಯವರೆಗೆ ಚೆನ್ನಾಗಿ ಕಟ್ಟಿದರೂ ಗೆರೆಯ ಮೇಲೆ ಎರಡು ಮೀಟರ್ ಯಾರದೂ ಅಲ್ಲದೆ ಉಳಿದುಬಿಡುತ್ತದೆ. ಒಳಗಿನ ಫರಸಿ ಒಂದು ಎತ್ತರ, ಹೊರಗಿನ ಫುಟ್‌ಪಾತ್ ಇನ್ನೊಂದು ಎತ್ತರ, ನಡುವೆ ಬಾಯ್ದೆರೆದ ಗಟಾರ. ಗಾಲಿ ಸಿಕ್ಕಿಕೊಳ್ಳುವುದು, ಕಾಲು ಉಳುಕುವುದು ಅಲ್ಲೇ.

ಆದ್ದರಿಂದ ಜಂಟಿ ಪರಿಶೀಲನೆಯನ್ನು ಆ ಗೆರೆಯ ಮೇಲೆ ನಿಂತೇ ಮಾಡಿ. 1:200 ಪ್ರಮಾಣದ ಒಂದೇ ನಕ್ಷೆಯಲ್ಲಿ ಎಲ್ಲರ ಜಾಗವನ್ನೂ ಬೇರೆ ಬೇರೆ ಬಣ್ಣದಲ್ಲಿ ತೋರಿಸಿ, ಗೆರೆಯ ಎರಡೂ ಬದಿ 5 ಮೀ. ದೂರದ ಎತ್ತರಗಳನ್ನು ಅಂಕಿಯಲ್ಲಿ ಬರೆಯಿರಿ. ಆ ಹತ್ತು ಮೀಟರನ್ನು ಒಬ್ಬರೇ ಕಟ್ಟಬೇಕು, ಒಬ್ಬರೇ ನೋಡಿಕೊಳ್ಳಬೇಕು ಎಂದು ಸಹಿ ಮಾಡಿಸಿ. ರೈಲ್ವೆ ಜಾಗದೊಳಗೆ ಒಂದು ಕಂಬ ನೆಡಬೇಕಾದರೂ ವಿಭಾಗದ ಅನುಮತಿ ಬೇಕು. ಅದಕ್ಕೆ ಹಿಡಿಯುವ ಸಮಯ ಕಟ್ಟುವ ಸಮಯಕ್ಕಿಂತ ಹೆಚ್ಚು. ಅರ್ಜಿ ಮೊದಲು ಅಲ್ಲಿಗೇ ಹೋಗಲಿ. ಕಲಬುರಗಿ, ಯಾದಗಿರಿ, ಬೀದರ್ ಮೂರೂ ಸ್ಟೇಶನ್ನುಗಳನ್ನು ಹೊಸದಾಗಿ ಕಟ್ಟುವ ರೈಲ್ವೆಯ ಅಮೃತ ಭಾರತ ಸ್ಟೇಶನ್ ಯೋಜನೆಯಲ್ಲಿವೆ. ಅಂಗಳದ ನಕ್ಷೆ ರೈಲ್ವೆಯ ಮೇಜಿನ ಮೇಲಿರುವಾಗಲೇ ಹೊರಗಿನ ಫುಟ್‌ಪಾತಿನ ಎತ್ತರ ಅದರಲ್ಲಿ ಸೇರಿದರೆ ಮುಂದೆ ಒಡೆದು ಕಟ್ಟುವ ಕೆಲಸ ತಪ್ಪುತ್ತದೆ. ಬೆಂಗಳೂರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ ಶುರುವಾದಾಗ ಮೆಟ್ರೋದಿಂದ ಅಲ್ಲಿಗೆ ನೇರ ಕಾಲುದಾರಿ ಇರಲಿಲ್ಲ. ನಮ್ಮ ಕಡೆಯಿಂದ ಹೋಗಿ ನಸುಕಿನಲ್ಲಿ ಅಲ್ಲಿ ಇಳಿದವರಿಗೆ ಅದರ ಬೆಲೆ ಗೊತ್ತು.

ಎರೆಮಣ್ಣಿನ ಮೇಲೆ ಫರಸಿ

ಕಲಬುರಗಿಯ ಫುಟ್‌ಪಾತ್ ಎರಡನೇ ವರ್ಷಕ್ಕೇ ಅಲೆಯಲೆಯಾಗಿ ಏಳುವುದಕ್ಕೆ ಕಾರಣ ಕಲ್ಲಲ್ಲ, ಅದರ ಕೆಳಗಿನ ಎರೆಮಣ್ಣು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಾಂಕ್ರೀಟು ಸುರಿದರೆ ಉಳಿಯುವುದಿಲ್ಲ.

ಮುಗಿದ ಮೇಲ್ಮೈಯಿಂದ ಕೆಳಕ್ಕೆ ಎಣಿಸಿ: 40 ಮಿ.ಮೀ. ಶಹಾಬಾದ್ ಕಲ್ಲು, 25 ಮಿ.ಮೀ. ಗಾರೆ, 100 ಮಿ.ಮೀ. ಕಾಂಕ್ರೀಟು, 300 ಮಿ.ಮೀ. ಮುರ್ರಂ (ಗರಸು ಮಣ್ಣು). ಒಟ್ಟು 465 ಮಿ.ಮೀ. ಅಷ್ಟು ಆಳದವರೆಗೆ ಎರೆಮಣ್ಣು ತೆಗೆದು ಹೊರಗೆ ಸಾಗಿಸಿ. ತೆಗೆದ ಮಣ್ಣನ್ನೇ ಮತ್ತೆ ತುಂಬುವ ಗುತ್ತಿಗೆದಾರರ ಮೇಲೆ ಈ ಹಂತದಲ್ಲೇ ಕಣ್ಣಿಡಬೇಕು. ಮೇಲೆ ಕಲ್ಲು ಬಿದ್ದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಮುರ್ರಂ ಅನ್ನು 150 ಮಿ.ಮೀ.ನ ಎರಡು ಪದರವಾಗಿ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಬೇರೆಯಾಗಿ ದಮ್ಮಸು ಮಾಡಿ. 300 ಮಿ.ಮೀ. ಒಟ್ಟಿಗೆ ಸುರಿದು ಮೇಲಿಂದ ಕುಟ್ಟಿದರೆ ಕೆಳಗಿನ ಅರ್ಧ ಸಡಿಲವಾಗೇ ಉಳಿಯುತ್ತದೆ. ಕಾಂಕ್ರೀಟಿಗೆ 3 ಮೀ.ಗೊಂದು ಸಂದು ಬಿಡಿ.

200 ಮೀ. ಉದ್ದ, 3.5 ಮೀ. ಅಗಲದ ದಾರಿ ಎಂದರೆ 700 ಚ.ಮೀ. ಅದಕ್ಕೆ ದಮ್ಮಸಾದ ಮುರ್ರಂ 210 ಘನ ಮೀ.; ಸಡಿಲವಾಗಿ ತರಿಸುವಾಗ ಸುಮಾರು 270 ಲೆಕ್ಕ ಹಿಡಿಯಿರಿ. ಕಾಂಕ್ರೀಟು 70 ಘನ ಮೀ. ಕಲ್ಲು, ಒಡೆತ ಸೇರಿಸಿ, 740 ಚ.ಮೀ.

ಶಹಾಬಾದ್ ಕಲ್ಲು ನಮ್ಮ ನೆರೆಯದು. ಒಡೆದರೆ ಅದೇ ದಿನ ಇನ್ನೊಂದು ತರಬಹುದು. ಪಾಲಿಶ್ ಮಾಡಿದ ಕಲ್ಲು ಮಾತ್ರ ಬೇಡ. ಮೊದಲ ಮಳೆ ಬಿದ್ದು ಧೂಳು ಕೆಸರಾದಾಗ ಅದರ ಮೇಲೆ ಚಪ್ಪಲಿ ನಿಲ್ಲುವುದಿಲ್ಲ. ಗಣಿಯಿಂದ ಸೀಳಿದ ಒರಟು ಮುಖವೇ ಮೇಲಿರಲಿ, ಅಂಚು ಮಾತ್ರ ಯಂತ್ರದಲ್ಲಿ ಕತ್ತರಿಸಿರಲಿ. ಅಡ್ಡ ಇಳಿಜಾರು 50ಕ್ಕೆ 1, ಎಂದರೆ 3.5 ಮೀ. ಅಗಲಕ್ಕೆ 70 ಮಿ.ಮೀ. ನೀರು ರಸ್ತೆ ಬದಿಗೆ ಹೋಗಬೇಕು. ಗೋಡೆ ಬದಿಗೆ ಹೋದರೆ ಬುಡಕ್ಕೆ ಇಳಿದು ಮತ್ತೆ ಎರೆಮಣ್ಣು ಸೇರುತ್ತದೆ. ಗಟಾರದ ಜಾಲರಿಯ ಸೀಳು 12 ಮಿ.ಮೀ.ಗಿಂತ ಅಗಲ ಇರಬಾರದು, ನಡಿಗೆಗೆ ಅಡ್ಡವಾಗಿರಬೇಕು.

ಕಣ್ಣು ಕಾಣದವರಿಗೆ 300 ಮಿ.ಮೀ. ಹಳದಿ ಬಿಲ್ಲೆಗಳನ್ನು ಬೋಗಿ ಕಡೆಯಿಂದ ಬಸ್ ಬಾಗಿಲವರೆಗೆ ತುಂಡಾಗದಂತೆ ಹಾಕಿ: ನೇರ ದಾರಿಗೆ ಗೆರೆಯ ಬಿಲ್ಲೆ, ತಿರುವಿಗೂ ರಸ್ತೆಯಂಚಿಗೂ ಚುಕ್ಕೆಯ ಬಿಲ್ಲೆ. ಗೋಡೆ, ಕಂಬಗಳಿಂದ 600 ಮಿ.ಮೀ. ದೂರವಿರಲಿ. ಬಿಲ್ಲೆಯ ಸಾಲು ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ನೇರ ಹೋಗಿ ನಿಲ್ಲುವಂತೆ ಹಾಕುವುದಕ್ಕಿಂತ ಹಾಕದಿರುವುದೇ ಲೇಸು.

ನೆರಳಿನ ಲೆಕ್ಕ

ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ, ಚಾವಣಿಯ ನೆರಳು ಚಾವಣಿಯ ಕೆಳಗೇ ಬೀಳುತ್ತದೆ. ನಕ್ಷೆ ಬರೆಯುವವರು ಇದನ್ನಷ್ಟೇ ನೋಡಿ ನಿಶ್ಚಿಂತರಾಗುತ್ತಾರೆ. ಮಧ್ಯಾಹ್ನ ಮೂರೂವರೆ ಹೊತ್ತಿಗೆ ಸೂರ್ಯ 45 ಡಿಗ್ರಿಗೆ ಇಳಿದಿರುತ್ತಾನೆ. 2.7 ಮೀ. ಎತ್ತರದ ಚಾವಣಿಯ ನೆರಳು ಆಗ 2.7 ಮೀ. ಪೂರ್ವಕ್ಕೆ ಸರಿದಿರುತ್ತದೆ, ಸಂಜೆ ಐದಕ್ಕೆ 6 ಮೀ. ಆಚೆ. ಉತ್ತರ ದಕ್ಷಿಣವಾಗಿ ಹೋಗುವ 3.5 ಮೀ. ದಾರಿಯ ಮೇಲೆ ಅಷ್ಟೇ ಅಗಲದ ಪತ್ರಾ ಹಾಕಿದರೆ ಐದು ಗಂಟೆಗೆ ಜನ ಪೂರ್ತಿ ಬಿಸಿಲಲ್ಲೇ ನಡೆಯುತ್ತಾರೆ. ಪಶ್ಚಿಮ ಬದಿಗೆ ನೆಲದಿಂದ 1 ಮೀ. ಬಿಟ್ಟು ಮೇಲಕ್ಕೆ ಅಡ್ಡಪಟ್ಟಿಯ ಜಾಲಿ ಕಟ್ಟಿ. ಗಾಳಿ ಬರುತ್ತದೆ, ಬಿಸಿಲು ನಿಲ್ಲುತ್ತದೆ. ಆ ಬದಿಗೆ 6ರಿಂದ 8 ಮೀ.ಗೊಂದು ಬೇವು ಅಥವಾ ಹೊಂಗೆ ನೆಟ್ಟರೆ ಐದಾರು ವರ್ಷಕ್ಕೆ ಜಾಲಿಯ ಕೆಲಸವನ್ನು ಮರವೇ ಮಾಡುತ್ತದೆ.

ಬರಿ ತಗಡಿನ ಚಾವಣಿ ಬಿಸಿಲು ತಡೆದು ಬಿಸಿಯನ್ನು ಕೆಳಗೆ ಕಕ್ಕುತ್ತದೆ. ಒಳಗೆ ಪಫ್ (ಬಿಸಿ ತಡೆಯುವ ಫೋಮು) ಇರುವ ಶೀಟು ಹಾಕಿ. ಹಣವಿಲ್ಲದಿದ್ದರೆ ತಗಡಿನ ಮೇಲೆ ಬಿಳಿ ಬಣ್ಣ ಹಚ್ಚಿ. ರೈಲ್ವೆ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಅದರ ಹತ್ತಿರದ ಲೋಹದ ಚಾವಣಿಗೆ ಅರ್ತಿಂಗ್ ಕಡ್ಡಾಯ. ಆ ಕೆಲಸವನ್ನು ರೈಲ್ವೆಯವರ ಮೇಲ್ವಿಚಾರಣೆ ಇಲ್ಲದೆ ಮುಟ್ಟಬೇಡಿ.

ದಾಟುವುದು, ಹತ್ತುವುದು

14 ಮೀ. ಅಗಲದ ರಸ್ತೆಯನ್ನು ಸೆಕೆಂಡಿಗೆ 1.2 ಮೀ. ವೇಗದಲ್ಲಿ ದಾಟಲು 12 ಸೆಕೆಂಡು ಸಾಕು ಎಂದು ಸಿಗ್ನಲ್ ಹಾಕುತ್ತಾರೆ. ಗಂಟು ಹೊತ್ತವರ ವೇಗ 0.8 ಮೀ.; ಅವರಿಗೆ ಬೇಕಾದದ್ದು 18 ಸೆಕೆಂಡು. ಆ ಆರು ಸೆಕೆಂಡನ್ನು ಸಂಚಾರ ಪೊಲೀಸರಿಂದ ಬಿಡದೆ ಕೇಳಿ ಪಡೆಯಿರಿ. ಸಿಗ್ನಲ್ ಇಲ್ಲದ ಕಡೆ ಜೀಬ್ರಾವನ್ನೇ ಫುಟ್‌ಪಾತಿನ ಎತ್ತರಕ್ಕೆ, 150 ಮಿ.ಮೀ., ಎತ್ತಿ ಕಟ್ಟಿ. ಗಾಡಿಗಳು ತಾವೇ ನಿಧಾನವಾಗುತ್ತವೆ, ಗಾಲಿಕುರ್ಚಿ ಇಳಿದು ಹತ್ತುವ ಕಷ್ಟ ತಪ್ಪುತ್ತದೆ. ಅದರ ಎರಡೂ ತುದಿಯಲ್ಲಿ ಮಳೆನೀರಿಗೆ ಕೊಳವೆ ಇಡದಿದ್ದರೆ ಮೊದಲ ಮಳೆಗೇ ಅದು ಒಡ್ಡಾಗಿ ರಸ್ತೆಯಲ್ಲಿ ಕೆರೆ ನಿಲ್ಲುತ್ತದೆ.

ಮೇಲ್ಸೇತುವೆ ಎಂದರೆ ಎಲ್ಲರಿಗೂ ದೊಡ್ಡ ಕೆಲಸ ಮಾಡಿದ ಸಮಾಧಾನ. ಹಳಿ ದಾಟಲು ಅದು ಬೇಕೇ ಬೇಕು. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಜೀವಕ್ಕೆ ಅಪಾಯ. ಆದರೆ ರಸ್ತೆ ದಾಟಲು ಮೇಲ್ಸೇತುವೆ ಕಟ್ಟಬೇಡಿ. 6 ಮೀ. ಎತ್ತರಕ್ಕೆ 150 ಮಿ.ಮೀ.ನ 40 ಮೆಟ್ಟಿಲು ಬೇಕು. 12ಕ್ಕೆ 1ರ ಇಳಿಜಾರಾದರೆ 72 ಮೀ.; ಪ್ರತಿ 750 ಮಿ.ಮೀ. ಏರಿಗೆ 1.5 ಮೀ.ನ ಒಂದು ತಂಗುಕಟ್ಟೆಯಂತೆ ಏಳು ಸೇರಿಸಿದರೆ 82 ಮೀ. ದಾಟಿ ಇಳಿಯಲು ಮತ್ತಷ್ಟೇ. 14 ಮೀ. ರಸ್ತೆಗೆ 160 ಮೀ. ಸುತ್ತು ಯಾರೂ ಹಾಕುವುದಿಲ್ಲ. ಜನ ಕೆಳಗಿನಿಂದಲೇ ನುಗ್ಗುತ್ತಾರೆ, ಆಗ ಕೆಳಗೆ ಜೀಬ್ರಾವೂ ಇರುವುದಿಲ್ಲ.

ಫಲಕ ಮತ್ತು ಬೆಳಕು

ಫಲಕದಲ್ಲಿ ಕನ್ನಡ, ಇಂಗ್ಲಿಷ್, ಹಿಂದಿಯ ಜೊತೆ ಉರ್ದುವೂ ಇರಲಿ. ಬೀದರಿಗೆ ಮರಾಠಿ, ಯಾದಗಿರಿಗೆ ತೆಲುಗು ಸೇರಿಸಿದರೆ ಉಪಕಾರ. ಓದುವ ದೂರ 10 ಮೀ.ಗೆ ಅಕ್ಷರ 40 ಮಿ.ಮೀ. ಎತ್ತರವಿರಲಿ. ಕನ್ನಡಕ್ಕೆ ಒತ್ತಕ್ಷರದ ಜಾಗ ಬಿಟ್ಟು ಸಾಲು ಹಾಕಿಸಿ. ಇಂಗ್ಲಿಷಿನ ಅಳತೆಗೆ ಮಾಡಿದ ಪಟ್ಟಿಯಲ್ಲಿ ಕನ್ನಡ ತುಂಬಿದರೆ ಒತ್ತುಗಳು ಕತ್ತರಿಸಿಹೋಗುತ್ತವೆ. ಬಾಣದ ಜೊತೆ ನಿಮಿಷ ಬರೆಯಿರಿ, ಮೀಟರ್ ಬೇಡ. ನೆಲದ ಮೇಲೆ ಎಲ್ಲೆಡೆ ಕನಿಷ್ಠ 20 ಲಕ್ಸ್ (ಬೆಳಕಿನ ಅಳತೆ) ಬೆಳಕಿರಲಿ. ಕರೆಂಟು ಹೋದಾಗ ಮೂರಕ್ಕೊಂದು ದೀಪವಾದರೂ ಬ್ಯಾಟರಿಯಲ್ಲಿ ಉರಿಯಬೇಕು. ರಾತ್ರಿ ಒಂಟಿಯಾಗಿ ಇಳಿದ ಹೆಣ್ಣುಮಗಳು ಈ ದಾರಿ ಹಿಡಿಯುತ್ತಾಳೋ ಇಲ್ಲವೋ ಎಂಬುದು ಅದರ ಮೇಲಿದೆ.

ವೇಳಾಪಟ್ಟಿ

ದಾರಿ ಮುಗಿದ ಮೇಲೂ ಬಸ್ಸು ತಪ್ಪಬಹುದು. ಕೊನೆಯ ಬೋಗಿಯಿಂದ ಗೇಟಿಗೆ 260 ಮೀ., 0.8 ಮೀ. ವೇಗದಲ್ಲಿ ಐದೂವರೆ ನಿಮಿಷ. ಗೇಟಿನಿಂದ ಬಸ್ಸಿಗೆ 250 ಮೀ., ಐದು ನಿಮಿಷ. ದಾಟಲು ಕಾಯುವುದು ಒಂದು, ಹತ್ತಿ ಕೂರುವುದು ಎರಡು. ಒಟ್ಟು ಹದಿಮೂರೂವರೆ ನಿಮಿಷ. ರೈಲು ಬಂದ ಐದು ನಿಮಿಷಕ್ಕೆ ಹೊರಡುವ ಬಸ್ಸು ಬರಿಗೈಯವರನ್ನಷ್ಟೇ ಕರೆದೊಯ್ಯುತ್ತದೆ. ರೈಲಿನ ವೇಳೆಗೆ 15 ನಿಮಿಷ ಸೇರಿಸಿ ಬಸ್ ಹೊರಡಿಸಿ. ರೈಲು ತಡವಾದರೆ ಬಸ್ಸು ಎಷ್ಟು ಕಾಯಬೇಕು ಎಂಬುದು ಡ್ರೈವರ್ ಕಂಡಕ್ಟರ್ ಜಗಳಕ್ಕೆ ಬಿಡಬಾರದು: 10 ನಿಮಿಷ, ಅದಕ್ಕಿಂತ ಹೆಚ್ಚಾದರೆ ಮುಂದಿನ ಬಸ್ಸು, ಎಂಬಂಥ ಬರೆದ ನಿಯಮ ಸ್ಟಾಪಿನ ಸಂಚಾರ ನಿಯಂತ್ರಕರ ಕೈಯಲ್ಲಿರಲಿ. ದಿನದ ಕೊನೆಯ ಬಸ್ಸಿಗೆ ಮಾತ್ರ ಈ ಮಿತಿ ಬೇಡ. ಅದು ಕಾಯಲೇಬೇಕು.

ಬಸ್ಸಿನಿಂದ ಇಳಿದು ರೈಲಿಗೆ ಹೋಗುವವರಿಗೆ ಲೆಕ್ಕ ಬೇರೆ. ಟಿಕೆಟ್ ಸಾಲು ಸೇರಿಸಿ, ಬಸ್ಸು ರೈಲಿಗಿಂತ 25 ನಿಮಿಷ ಮುಂಚೆ ಬಂದಿರಬೇಕು.

ಬೀದರ್, ಯಾದಗಿರಿಯಲ್ಲಿ ಬದಲಾಗುವುದು

ಬೀದರಿನ ನೆಲ ಕೆಂಪು ಜಂಬಿಟ್ಟಿಗೆ. ಉಬ್ಬುವುದಿಲ್ಲ, ನೀರು ಬೇಗ ಇಂಗುತ್ತದೆ. ಜಂಬಿಟ್ಟಿಗೆ ಸಿಕ್ಕ ಕಡೆ ಮುರ್ರಂ ಒಂದೇ ಪದರ, 150 ಮಿ.ಮೀ., ಸಾಕು. ಅನುಮತಿ ಸಿಕಂದರಾಬಾದ್ ವಿಭಾಗದಿಂದ ಬರಬೇಕು. 2017ರ ಅಕ್ಟೋಬರಿನಲ್ಲಿ ಬೀದರ್–ಕಲಬುರಗಿ ಮಾರ್ಗ ಶುರುವಾದ ಮೇಲೆ ಹುಮನಾಬಾದ್, ಕಮಲಾಪುರದಂಥ ಊರುಗಳಿಗೂ ಸ್ಟೇಶನ್ ಬಂದಿದೆ. ಇಂಥ ಕಡೆ ಇಳಿಯುವವರು ಕಡಿಮೆ, 2 ಮೀ. ದಾರಿ, ಒಂದು ಬಸ್ಸಿನ ಅಂಚು, ನಾಲ್ಕು ಮರ ಸಾಕು. ಅಲ್ಲಿ ಹಣವೆಲ್ಲ ಬೆಳಕಿಗೆ ಹೋಗಲಿ. ಯಾದಗಿರಿ ಗುಂತಕಲ್ ವಿಭಾಗಕ್ಕೆ ಸೇರಿದ್ದು. ಕಾಗದ ತೆಲುಗು ನಾಡಿಗೆ ಹೋಗಿ ಬರಬೇಕಾದ್ದರಿಂದ ಅರ್ಜಿಯನ್ನು ಮೂರು ತಿಂಗಳು ಮೊದಲೇ ಹಾಕಿ. ಮಣ್ಣನ್ನು ಅಲ್ಲಿ ಮೂರು ಗುಂಡಿ ತೋಡಿ ನೋಡಿಯೇ ಆಳ ನಿರ್ಧರಿಸಿ.

ಕೆಲಸ ಮುಗಿದ ಬಿಲ್ಲಿನಲ್ಲಿ ಹತ್ತರಲ್ಲಿ ಒಂದು ಪಾಲನ್ನು ಮೊದಲ ಮಳೆಗಾಲ ಕಳೆದು ಬೇಸಿಗೆ ಬರುವವರೆಗೆ ತಡೆಹಿಡಿಯುವ ಷರತ್ತು ಟೆಂಡರಿನಲ್ಲೇ ಇರಲಿ. ಅಕ್ಟೋಬರಿನಲ್ಲಿ, ಎರೆಮಣ್ಣು ಇನ್ನೂ ಉಬ್ಬಿರುವಾಗ, ಒಂದು ಸಲ, ಏಪ್ರಿಲಿನಲ್ಲಿ, ಬಿರಿದಾಗ, ಇನ್ನೊಂದು ಸಲ, ಅದೇ 15 ಕಿಲೋ ಸೂಟ್‌ಕೇಸ್ ಎಳೆದುಕೊಂಡು ಕೊನೆಯ ಬೋಗಿಯ ಬಾಗಿಲಿನಿಂದ ಬಸ್ಸಿನ ಮೆಟ್ಟಿಲವರೆಗೆ ನಡೆಯಿರಿ. ಗಾಲಿ ಎಲ್ಲಿ ನಿಂತಿತೋ ಆ ಜಾಗಗಳಿಗೆ ಬಣ್ಣದಲ್ಲಿ ಗುರುತು ಹಾಕಿ, ಅವು ಸರಿಯಾದ ಮೇಲೆ ಉಳಿದ ಹಣ ಬಿಡುಗಡೆ ಮಾಡಿ.